ಇದ್ದಿಲಿನ ಕುಲ, ವಜ್ರದ ಗುಣ

1694-95ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಜುಸೆಪ್ಪೆ ಅವೆರಾನಿ, ಚಿಪ್ರಿಯಾನೊ ತಾರ್ಜೋನಿ ಎಂಬ ಇಬ್ಬರು ಪಂಡಿತರು ದುಬಾರಿಯಾದ ಒಂದು ಪ್ರಯೋಗಕ್ಕೆ ಕೈಹಾಕಿದರು. ಟಸ್ಕನಿಯ ದೊರೆ ಮೂರನೆಯ ಕೊಸಿಮೊಗೆ ಜರ್ಮನಿಯ ಕುಶಲಿಯೊಬ್ಬ ದೊಡ್ಡ ಭೂತಗನ್ನಡಿಯೊಂದನ್ನು ಒಪ್ಪಿಸಿದ್ದ. ಅದರಿಂದ ಬಿಸಿಲನ್ನೆಲ್ಲ ಒಂದು ಬಿಂದುವಿಗೆ ಕೂಡಿಸಿ, ಆ ಬಿಂದುವಿನಲ್ಲಿ ವಜ್ರವನ್ನಿಟ್ಟರು. ವಜ್ರ ಕರಗಿ ಹರಿಯಲಿಲ್ಲ. ಸವೆಯುತ್ತ ಸವೆಯುತ್ತ ಕಣ್ಣೆದುರೇ ಇಲ್ಲವಾಯಿತು, ಹಿಂದೆ ಬೂದಿಯನ್ನೂ ಬಿಡಲಿಲ್ಲ.

ಆ ಕಾಲಕ್ಕೆ ಇದು ನಂಬುವ ಮಾತಾಗಿರಲಿಲ್ಲ. ಉಳಿದೆಲ್ಲ ಕಲ್ಲುಗಳನ್ನು ಗೀರಬಲ್ಲ ವಜ್ರ ಬಿಸಿಲಿಗೆ ಸೋಲುವುದುಂಟೆ? ಯುರೋಪಿನ ಅರಮನೆಗಳಿಗೆ ಆಗ ವಜ್ರಗಳು ಬರುತ್ತಿದ್ದುದು ಬಹುಪಾಲು ನಮ್ಮ ದಖ್ಖನ್ನಿನಿಂದಲೇ. ಕೃಷ್ಣಾ ತೀರದ ಕೊಲ್ಲೂರಿನ ಗಣಿ, ಅದಕ್ಕೂ ಮೊದಲು ವಿಜಯನಗರದ ಅರಸರಿಗೆ ಸೇರಿದ್ದ ಗಣಿಗಳು, ಇವುಗಳ ಹರಳು ಗೋಲ್ಕೊಂಡದ ಪೇಟೆ ದಾಟಿ ಪ್ಯಾರಿಸಿನವರೆಗೆ ಹೋಗುತ್ತಿತ್ತು. 1720ರ ದಶಕದಲ್ಲಿ ಬ್ರೆಜಿಲಿನಲ್ಲಿ ವಜ್ರ ಸಿಕ್ಕುವವರೆಗೆ ಈ ವ್ಯಾಪಾರಕ್ಕೆ ಹೇಳಿಕೊಳ್ಳುವಂಥ ಪೈಪೋಟಿಯೇ ಇರಲಿಲ್ಲ. ಗಣಿಯಲ್ಲಿ ಅಗೆಯುವವನಿಗೂ ಕೊಳ್ಳುವ ದೊರೆಗೂ ವಜ್ರವೆಂದರೆ ಕಲ್ಲೇ, ಕಲ್ಲುಗಳಿಗೆಲ್ಲ ಅರಸನಾದ ಕಲ್ಲು. ಐಸಾಕ್ ನ್ಯೂಟನ್ ಮಾತ್ರ ಬೇರೆ ದಾರಿಯಲ್ಲಿ ಯೋಚಿಸಿದ್ದ. ಎಣ್ಣೆ, ಕರ್ಪೂರಗಳಂಥ ಉರಿಯುವ ವಸ್ತುಗಳು ಬೆಳಕನ್ನು ತಮ್ಮ ಸಾಂದ್ರತೆಗೆ ಮೀರಿ ಬಾಗಿಸುತ್ತವೆ. ವಜ್ರವೂ ಹಾಗೆಯೇ ಮಾಡುವುದರಿಂದ ಅದೂ ಹೆಪ್ಪುಗಟ್ಟಿದ ಜಿಡ್ಡಿನ ಪದಾರ್ಥವಾಗಿರಬಹುದು ಎಂದು 1704ರ ತನ್ನ ‘ಆಪ್ಟಿಕ್ಸ್’ ಗ್ರಂಥದಲ್ಲಿ ಊಹಿಸಿದ. ವಿವರದಲ್ಲಿ ಊಹೆ ತಪ್ಪಿತು, ದಿಕ್ಕಿನಲ್ಲಿ ತಪ್ಪಲಿಲ್ಲ.

ಮುಂದಿನ ಇನ್ನೂರೈವತ್ತು ವರ್ಷ ವಿಜ್ಞಾನಿಗಳನ್ನು ಕಾಡಿದ್ದು ಒಂದೇ ಪ್ರಶ್ನೆ. ವಸ್ತುವಿನ ಗುಣ ಎಲ್ಲಿಂದ ಬರುತ್ತದೆ, ಅದು ಯಾವುದರಿಂದ ಆಗಿದೆ ಎಂಬುದರಿಂದಲೋ, ಅದರ ಕಣಗಳು ಹೇಗೆ ಹೆಣೆದುಕೊಂಡಿವೆ ಎಂಬುದರಿಂದಲೋ? ಈ ಪ್ರಶ್ನೆಯ ಇತಿಹಾಸವನ್ನು ವಜ್ರದಷ್ಟು ಚೆನ್ನಾಗಿ ಹೇಳುವ ವಸ್ತು ಇನ್ನೊಂದಿಲ್ಲ.

ಕುಲುಮೆಯಲ್ಲಿ ಕಾಣೆಯಾದ ಹರಳು

1770ರ ದಶಕದ ಆರಂಭದಲ್ಲಿ ಪ್ಯಾರಿಸಿನ ರಸಾಯನಜ್ಞರು ವಜ್ರ ಕಾಯಿಸುವ ಪ್ರಯೋಗಗಳನ್ನು ಮತ್ತೆ ಕೈಗೆತ್ತಿಕೊಂಡಾಗ ಅಲ್ಲಿನ ರತ್ನವ್ಯಾಪಾರಿಗಳು ನಕ್ಕರು. ಕಲೆಯಿದ್ದ ವಜ್ರವನ್ನು ಬೆಂಕಿಯಲ್ಲಿ ಕಾಯಿಸಿ ಶುದ್ಧಿ ಮಾಡುವುದು ಅವರಿಗೆ ರೂಢಿಯ ಕೆಲಸ. ಲೆ ಬ್ಲಾಂ ಎಂಬ ವ್ಯಾಪಾರಿ ತನ್ನದೇ ಒಂದು ವಜ್ರವನ್ನು ಧೈರ್ಯವಾಗಿ ಕುಲುಮೆಗೆ ಕೊಟ್ಟ, ಕಳೆದುಕೊಂಡ. ಮಯ್ಯಾರ್ ಎಂಬ ಮತ್ತೊಬ್ಬ ಮೂರು ವಜ್ರಗಳನ್ನು ಇದ್ದಿಲ ಪುಡಿಯಲ್ಲಿ ಹೂತು, ಹೊಗೆಸೊಪ್ಪು ಸೇದುವ ಮಣ್ಣಿನ ಚಿಲುಮೆಯಲ್ಲಿ ಗಿಡಿದು, ಬಾಯಿ ಭದ್ರವಾಗಿ ಮುಚ್ಚಿ ಕಾಯಿಸಿದ. ಕಾವು ಇಳಿದ ಮೇಲೆ ತೆಗೆದು ನೋಡಿದರೆ ಮೂರೂ ಹರಳು ಹಾಕಿದ ಹಾಗೇ ಇದ್ದವು.

ನೋಡುತ್ತಿದ್ದವರಲ್ಲಿ ಆಂಟ್ವಾನ್ ಲವಾಸಿಯೆ ಇದ್ದ. ಗೆದ್ದವರು ಯಾರೆಂಬುದಕ್ಕಿಂತ ಚಿಲುಮೆಯೊಳಗೆ ಏನಿರಲಿಲ್ಲ ಎಂಬುದು ಅವನಿಗೆ ಮುಖ್ಯವಾಯಿತು. ಅಲ್ಲಿ ಗಾಳಿ ಇರಲಿಲ್ಲ. ಅಂದರೆ ವಜ್ರ ಬರಿಯ ಕಾವಿಗೆ ಆವಿಯಾಗುವುದಿಲ್ಲ, ಅದು ಗಾಳಿಯಲ್ಲಿ ಉರಿಯುತ್ತದೆ. 1772ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ದೊಡ್ಡ ಭೂತಗನ್ನಡಿಯನ್ನು ಲೂವ್ರ್ ಅರಮನೆಯ ಪಕ್ಕದ ತೋಟದಲ್ಲಿ ನಿಲ್ಲಿಸಿ, ಗಾಜಿನ ಗಂಟೆಯೊಳಗೆ ವಜ್ರವನ್ನು ಸುಟ್ಟು, ಉಳಿದ ಗಾಳಿಯನ್ನು ಸುಣ್ಣದ ತಿಳಿನೀರಿಗೆ ಹಾಯಿಸಿದ. ತಿಳಿನೀರು ಹಾಲಿನಂತೆ ಬೆಳ್ಳಗಾಯಿತು. ಇದ್ದಿಲು ಸುಟ್ಟಾಗಲೂ ಹಾಗೆಯೇ ಆಗುತ್ತದೆ ಎಂಬುದು ಎಲ್ಲರೂ ಬಲ್ಲ ಸಂಗತಿ.

ವಜ್ರವೂ ಇದ್ದಿಲೂ ಒಂದೇ ಎಂದು ತೋರಿಸಿಕೊಟ್ಟವನು ಲವಾಸಿಯೆ ಎಂದು ಅನೇಕ ಪಠ್ಯಪುಸ್ತಕಗಳು ಬರೆಯುತ್ತವೆ. ವಿಜ್ಞಾನದ ಇತಿಹಾಸಕಾರರು ಇದನ್ನು ಪೂರ್ತಿ ಒಪ್ಪುವುದಿಲ್ಲ. ಎರಡರ ನಡುವೆ ಹೋಲಿಕೆಯಿದೆ ಎಂದು ಅವನು ಹೇಳಿದ್ದು ನಿಜ, ಆದರೆ ಆ ಹೋಲಿಕೆಯನ್ನು ಬಹಳ ದೂರ ಎಳೆಯಲು ಅವನೇ ಹಿಂಜರಿದಿದ್ದ. ಇಲ್ಲಿ ಮಸಿ, ಅಲ್ಲಿ ಮಿಂಚು. ಎರಡೂ ಒಂದೇ ಎನ್ನಲು ಸುಣ್ಣದ ನೀರಿನ ಸಾಕ್ಷಿಯೊಂದೇ ಸಾಲದು ಎನಿಸಿರಬೇಕು.

ಸಾಲದಿದ್ದ ಸಾಕ್ಷಿಯನ್ನು ಒದಗಿಸಿದವನು ಇಂಗ್ಲೆಂಡಿನ ಸ್ಮಿತ್‌ಸನ್ ಟೆನೆಂಟ್. ಅಷ್ಟರಲ್ಲಿ ಲವಾಸಿಯೆಯ ತಲೆ ಗಿಲೊಟಿನ್ನಿಗೆ ಹೋಗಿ ಮೂರು ವರ್ಷವಾಗಿತ್ತು. 1797ರಲ್ಲಿ ಟೆನೆಂಟ್ ತೂಕಮಾಡಿದ ವಜ್ರದ ಚೂರುಗಳನ್ನು ಪೆಟ್ಲುಪ್ಪಿನ ಜೊತೆ ಚಿನ್ನದ ಕೊಳವೆಯಲ್ಲಿಟ್ಟು ಕಾಯಿಸಿದ. ಕಾದ ಪೆಟ್ಲುಪ್ಪು ಬೇರೆ ಪಾತ್ರೆಗಳನ್ನು ತಿಂದುಹಾಕುತ್ತದೆ, ಅದಕ್ಕೇ ಚಿನ್ನ. ಉರಿದ ವಜ್ರದಿಂದ ಹೊರಟ ಅನಿಲವನ್ನು ಅಳೆದು ನೋಡಿದರೆ ಅಷ್ಟೇ ತೂಕದ ಇದ್ದಿಲಿನಿಂದ ಹೊರಡುವಷ್ಟೇ ಇತ್ತು. ವಜ್ರದಲ್ಲಿ ಇಂಗಾಲದ ಹೊರತು ಇನ್ನೇನೂ ಇಲ್ಲ ಎಂದು ಹೇಳಲು ಇನ್ನು ಅಡ್ಡಿಯಿರಲಿಲ್ಲ.

ಆದರೂ ಅನುಮಾನ ಸತ್ತಿರಲಿಲ್ಲ. ಒಂದೇ ಪದಾರ್ಥಕ್ಕೆ ಇಷ್ಟೊಂದು ಬೇರೆಯಾದ ಎರಡು ಗುಣವೆಂದರೆ ತಕ್ಕಡಿಗೆ ಸಿಗದ ಇನ್ನೇನೋ ವಜ್ರದಲ್ಲಿರಬೇಕು, ಒಂದಿಷ್ಟು ಜಲಜನಕವೋ ಆಮ್ಲಜನಕವೋ ಬೆರೆತಿರಬೇಕು ಎಂಬ ವಾದಗಳು ಎದ್ದವು. 1814ರ ಮಾರ್ಚಿನಲ್ಲಿ ಹಂಫ್ರಿ ಡೇವಿ ತನ್ನ ತರುಣ ಸಹಾಯಕ ಮೈಕೇಲ್ ಫ್ಯಾರಡೆಯನ್ನು ಕರೆದುಕೊಂಡು ಫ್ಲಾರೆನ್ಸಿಗೆ ಬಂದ. ನೂರಿಪ್ಪತ್ತು ವರ್ಷ ಹಿಂದೆ ಅವೆರಾನಿ ಬಳಸಿದ್ದ ಅದೇ ಭೂತಗನ್ನಡಿಯನ್ನು ಕೇಳಿ ಪಡೆದು ಶುದ್ಧ ಆಮ್ಲಜನಕದಲ್ಲಿ ವಜ್ರವನ್ನು ಸುಟ್ಟ. ಕನ್ನಡಿಯನ್ನು ಸರಿಸಿದ ಮೇಲೂ ವಜ್ರ ಕೆಂಪಾಗಿ ಉರಿಯುತ್ತಲೇ ಇತ್ತು. ಜಲಜನಕವಿದ್ದಿದ್ದರೆ ಗಾಜಿನ ಒಳಮೈಯಲ್ಲಿ ನೀರಿನ ಹನಿ ಕಾಣಬೇಕಿತ್ತು, ಕಾಣಲಿಲ್ಲ. ವ್ಯತ್ಯಾಸ ಇರುವುದು ಪದಾರ್ಥದಲ್ಲಲ್ಲ, ಅದು ಹರಳುಗಟ್ಟಿರುವ ಬಗೆಯಲ್ಲಿ ಎಂಬ ಕಡೆಗೆ ಡೇವಿ ವಾಲಿದ. ಸರಿಯಾದ ಉತ್ತರವೇ. ಆದರೆ ಹರಳಿನ ಒಳಗೆ ಇಣುಕುವ ಸಾಧನ ಆಗ ಯಾರ ಕೈಯಲ್ಲೂ ಇರಲಿಲ್ಲ.

ಮೂರನೆಯ ದಾಯಾದಿ

ಈ ಮನೆತನದಲ್ಲಿ ಇನ್ನೂ ಒಬ್ಬ ದಾಯಾದಿಯಿದ್ದ, ಗ್ರಾಫೈಟ್. ಇಂಗ್ಲೆಂಡಿನ ಬಾರೋಡೇಲ್ ಕಣಿವೆಯಲ್ಲಿ ಹದಿನಾರನೆಯ ಶತಮಾನದಿಂದಲೂ ಅಗೆಯುತ್ತಿದ್ದ ಈ ಕರಿಯ, ನುಣುಪಾದ ಪದಾರ್ಥವನ್ನು ಸೀಸದ ಒಂದು ಬಗೆ ಎಂದೇ ಜನ ತಿಳಿದಿದ್ದರು. ಬರೆಯಲು ಪೆನ್ಸಿಲ್ಲಿಗೆ ಬೇಕು, ಫಿರಂಗಿ ಗುಂಡು ಎರಕ ಹೊಯ್ಯುವ ಅಚ್ಚುಗಳ ಒಳಮೈಗೆ ಬಳಿಯಲೂ ಬೇಕು. ಹಾಗಾಗಿ ಗಣಿಗೆ ಕಾವಲಿತ್ತು. 1779ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಅದನ್ನು ಸುಟ್ಟು ನೋಡಿ, ಅದರಲ್ಲಿ ಸೀಸದ ಸೋಂಕೇ ಇಲ್ಲ, ಇದೂ ಇಂಗಾಲವೇ ಎಂದು ತೋರಿಸಿದ. ಮುಂದೆ ಯುದ್ಧದಿಂದಾಗಿ ಇಂಗ್ಲೆಂಡಿನ ಗ್ರಾಫೈಟ್ ಫ್ರಾನ್ಸಿಗೆ ಬರುವುದು ನಿಂತಾಗ ನಿಕೊಲಾ ಕಾಂಟೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಟ್ಟು 1795ರಲ್ಲಿ ಈಗಿನ ಪೆನ್ಸಿಲ್ಲಿಗೆ ದಾರಿ ಮಾಡಿದ.

ಹೀಗೆ ಹತ್ತೊಂಬತ್ತನೆಯ ಶತಮಾನದ ರಸಾಯನಜ್ಞರ ಮುಂದೆ ಒಂದು ವಿಚಿತ್ರ ಪಟ್ಟಿ ಬಿತ್ತು. ವಜ್ರ ಪಾರದರ್ಶಕ, ಗ್ರಾಫೈಟ್ ಕಪ್ಪು. ವಜ್ರ ಗಾಜನ್ನು ಕೊಯ್ಯುತ್ತದೆ, ಗ್ರಾಫೈಟ್ ಕಾಗದಕ್ಕೇ ಸವೆಯುತ್ತದೆ. ವಜ್ರದಲ್ಲಿ ವಿದ್ಯುತ್ತು ಹರಿಯುವುದಿಲ್ಲ, ಗ್ರಾಫೈಟಿನಲ್ಲಿ ಸರಾಗ. ವಜ್ರ ನೀರಿಗಿಂತ ಮೂರೂವರೆ ಪಟ್ಟು ತೂಕ, ಗ್ರಾಫೈಟ್ ಎರಡೂಕಾಲು ಪಟ್ಟಿಗಿಂತ ಹೆಚ್ಚಿಲ್ಲ. ಎರಡರಲ್ಲೂ ಇರುವುದು ಇಂಗಾಲ ಮಾತ್ರ. ಒಂದೇ ಧಾತು ಹಲವು ರೂಪ ತಾಳುವ ಇಂಥ ಸಂಗತಿಗೆ 1840ರ ಹೊತ್ತಿಗೆ ರಸಾಯನಜ್ಞ ಬರ್ಜೀಲಿಯಸ್ ಬಹುರೂಪತೆ ಎಂಬರ್ಥದ ಒಂದು ಹೆಸರನ್ನು ಟಂಕಿಸಿದ. ಹೆಸರು ಸಿಕ್ಕಿತು, ಕಾರಣ ಸಿಗಲಿಲ್ಲ.

ಕಾರಣದ ಮೊದಲ ಸುಳಿವು ಬಂದದ್ದು ವಜ್ರಕ್ಕೆ ಸಂಬಂಧವೇ ಇಲ್ಲದ ಕಡೆಯಿಂದ. 1874ರ ಸೆಪ್ಟೆಂಬರಿನಲ್ಲಿ ಇಪ್ಪತ್ತೆರಡು ವರ್ಷದ ಡಚ್ ಯುವಕ ಯಾಕೋಬಸ್ ವಾಂಟ್ ಹಾಫ್ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದ. ಇಂಗಾಲದ ನಾಲ್ಕು ಬಂಧಗಳು ಕಾಗದದ ಮೇಲೆ ಗೀಚುವ ಹಾಗೆ ಚಪ್ಪಟೆಯಾಗಿರುವುದಿಲ್ಲ, ನಾಲ್ಕು ಮುಖದ ಘನಾಕೃತಿಯ ನಾಲ್ಕು ಮೂಲೆಗಳತ್ತ ಚಾಚಿಕೊಂಡಿರುತ್ತವೆ ಎಂಬುದು ಅದರ ಸಾರ. ಎರಡು ತಿಂಗಳಲ್ಲಿ ಫ್ರಾನ್ಸಿನ ಲೆ ಬೆಲ್ ತಾನೇ ತಾನಾಗಿ ಇದೇ ನಿಲುವಿಗೆ ಬಂದ. ಜರ್ಮನಿಯ ಹಿರಿಯ ರಸಾಯನಜ್ಞ ಹರ್ಮನ್ ಕೋಲ್ಬೆಗೆ ಇದು ಉದ್ಧಟತನವಾಗಿ ಕಂಡಿತು. ಯುಟ್ರೆಕ್ಟಿನ ಪಶುವೈದ್ಯ ಶಾಲೆಯ ಈ ಮೇಷ್ಟರು ಅಲ್ಲಿಂದಲೇ ರೆಕ್ಕೆಯ ಕುದುರೆಯೊಂದನ್ನು ಎರವಲು ಪಡೆದು ಆಕಾಶಕ್ಕೆ ಹಾರಿದ್ದಾರೆ ಎಂಬರ್ಥದ ಕಟಕಿಯಾಡಿದ. ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್ ಬಹುಮಾನ 1901ರಲ್ಲಿ ಬಂದದ್ದು ಆ ಮೇಷ್ಟರಿಗೇ.

ಹರಳಿನೊಳಗೆ ಬೆಳಕು

ನಿಜವಾದ ತಿರುವು 1912ರದು. ಮ್ಯೂನಿಕ್‌ನಲ್ಲಿ ಭೌತವಿಜ್ಞಾನಿ ಲಾವೆ ಅವರ ಸಲಹೆಯಂತೆ ಫ್ರೀಡ್ರಿಖ್ ಮತ್ತು ಕ್ನಿಪಿಂಗ್ ಹರಳಿನ ಮೂಲಕ ಕ್ಷ-ಕಿರಣ ಹಾಯಿಸಿದಾಗ ಹಿಂದಿದ್ದ ಛಾಯಾಫಲಕದಲ್ಲಿ ಚುಕ್ಕೆಗಳ ರಂಗೋಲಿ ಮೂಡಿತು. ಆ ಚುಕ್ಕೆಗಳಿಂದ ಪರಮಾಣುಗಳ ನೆಲೆಯನ್ನು ಲೆಕ್ಕಹಾಕುವ ದಾರಿಯನ್ನು ಕೇಂಬ್ರಿಜ್‌ನ ವಿದ್ಯಾರ್ಥಿ ಲಾರೆನ್ಸ್ ಬ್ರ್ಯಾಗ್ ಕಂಡುಕೊಂಡರು. ಕಿರಣಗಳನ್ನು ಅಳೆಯುವ ಉಪಕರಣವನ್ನು ಲೀಡ್ಸ್‌ನಲ್ಲಿದ್ದ ಅವರ ತಂದೆ ವಿಲಿಯಂ ಬ್ರ್ಯಾಗ್ ಕಟ್ಟಿದರು. 1913ರಲ್ಲಿ ತಂದೆ-ಮಗ ಸೇರಿ ವಜ್ರದ ರಚನೆಯನ್ನು ಬಿಡಿಸಿದರು. ಪ್ರತಿ ಇಂಗಾಲದ ಸುತ್ತ ಸಮದೂರದಲ್ಲಿ ನಾಲ್ಕೇ ನೆರೆಯವರು, ವಾಂಟ್ ಹಾಫ್ ಹೇಳಿದ್ದ ಅದೇ ನಾಲ್ಕು ಮೂಲೆಗಳಲ್ಲಿ. ನಡುವಿನ ಅಂತರ 1.54 ಆಂಗ್‌ಸ್ಟ್ರಾಂ, ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಆಂಗ್‌ಸ್ಟ್ರಾಂ. ಇಂಥ ಹೆಣಿಗೆ ಹರಳಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ಕಡಿಯುವುದಿಲ್ಲ. ಉಂಗುರದಲ್ಲಿ ಕೂರಿಸಿದ ವಜ್ರವನ್ನು ಒಂದೇ ಒಂದು ಬೃಹತ್ ಅಣು ಎಂದರೂ ಸಲ್ಲುತ್ತದೆ. 1915ರ ನೊಬೆಲ್ ಸುದ್ದಿ ಬಂದಾಗ ಇಪ್ಪತ್ತೈದು ವರ್ಷದ ಲಾರೆನ್ಸ್ ಯುದ್ಧರಂಗದಲ್ಲಿದ್ದರು. ತಮ್ಮ ರಾಬರ್ಟ್ ಅದೇ ವರ್ಷ ಗಲಿಪೊಲಿಯಲ್ಲಿ ತೀರಿಕೊಂಡಿದ್ದ.

ಎಲ್ಲರೂ ಇದನ್ನು ಸಂತೋಷದಿಂದ ಒಪ್ಪಲಿಲ್ಲ. ಬ್ರ್ಯಾಗ್‌ರ ಲೆಕ್ಕದಂತೆ ಅಡುಗೆಯುಪ್ಪಿನ ಹರಳಿನಲ್ಲಿ ಒಂದು ಸೋಡಿಯಂ ಒಂದು ಕ್ಲೋರಿನ್ ಜೋಡಿಯಾದ ಬಿಡಿ ಅಣುವೇ ಇಲ್ಲ, ಚದುರಂಗದ ಮಣೆಯ ಹಾಗೆ ಅವು ಒಂದು ಬಿಟ್ಟು ಒಂದು ಸಾಲುಗಟ್ಟಿವೆ. ಹಳೆಯ ತಲೆಮಾರಿನ ಹೆನ್ರಿ ಆರ್ಮ್‌ಸ್ಟ್ರಾಂಗ್ 1927ರಲ್ಲೂ ‘ನೇಚರ್’ ಪತ್ರಿಕೆಗೆ ಪತ್ರ ಬರೆದು ಪಾಪ, ಉಪ್ಪಿಗೆ ಬಂದ ಗತಿ ನೋಡಿ ಎಂಬ ಧಾಟಿಯಲ್ಲಿ ಮೂದಲಿಸಿದರು.

ಗ್ರಾಫೈಟಿನ ಒಳಮನೆ ಕಾಣಲು ಇನ್ನೂ ಹನ್ನೊಂದು ವರ್ಷ ಬೇಕಾಯಿತು. ಅದರ ಪದರಗಳು ಮಟ್ಟಸವೋ ಮಡಿಕೆಬಿದ್ದವೋ ಎಂಬ ತಕರಾರು ನಡೆದಿತ್ತು. 1924ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ ಜೆ. ಡಿ. ಬರ್ನಾಲ್ ಒಂಟಿ ಹರಳೊಂದನ್ನು ಪರೀಕ್ಷಿಸಿ ಪದರಗಳು ಮಟ್ಟಸ ಎಂದು ತೋರಿಸಿದರು. ಪದರದೊಳಗೆ ಪ್ರತಿ ಇಂಗಾಲಕ್ಕೆ ಮೂರೇ ನೆರೆಯವರು, ಅಂತರ 1.42 ಆಂಗ್‌ಸ್ಟ್ರಾಂ, ವಜ್ರದಲ್ಲಿರುವುದಕ್ಕಿಂತಲೂ ಬಿಗಿ. ಆದರೆ ಒಂದು ಪದರಕ್ಕೂ ಮೇಲಿನದಕ್ಕೂ ನಡುವೆ 3.35 ಆಂಗ್‌ಸ್ಟ್ರಾಂ ತೆರಪು. ವೀಳ್ಯದೆಲೆಯ ಕಟ್ಟಿನಂತೆ ಒಂದರ ಮೇಲೊಂದು ಒರಗಿವೆ, ಹೊಲಿಗೆಯಿಲ್ಲ.

ಬಂಧವೆಂದರೆ ನಿಜಕ್ಕೂ ಏನೆಂಬುದೂ ಇದೇ ವರ್ಷಗಳಲ್ಲಿ ಸ್ಪಷ್ಟವಾಗುತ್ತಿತ್ತು. 1916ರಲ್ಲಿ ಅಮೆರಿಕದ ಗಿಲ್ಬರ್ಟ್ ಲೂಯಿಸ್, ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುವುದೇ ಬಂಧ ಎಂದರು. 1927ರಲ್ಲಿ ಹೈಟ್ಲರ್ ಮತ್ತು ಲಂಡನ್ ಅದಕ್ಕೆ ಕ್ವಾಂಟಂ ಲೆಕ್ಕ ಒದಗಿಸಿದರು. 1931ರಲ್ಲಿ ಲೈನಸ್ ಪೌಲಿಂಗ್ ಇಂಗಾಲದ ನಾಲ್ಕು ಎಲೆಕ್ಟ್ರಾನುಗಳು ನಾಲ್ಕು ಮೂಲೆಗೆ ಏಕೆ ಚಾಚುತ್ತವೆ ಎಂಬುದನ್ನು ವಿವರಿಸಿದರು. ಪೌಲಿಂಗ್ ಅವರ ಚಿತ್ರ ಸರಿಯೋ, ಎಲೆಕ್ಟ್ರಾನುಗಳು ಇಡೀ ಅಣುವಿಗೆ ಸೇರಿದವು ಎಂಬ ಪ್ರತಿಪಕ್ಷದ ಚಿತ್ರ ಸರಿಯೋ ಎಂಬ ಜಗಳ ದಶಕಗಟ್ಟಲೆ ನಡೆಯಿತು. ಈಗ ರಸಾಯನಜ್ಞರು ಕೆಲಸಕ್ಕೆ ತಕ್ಕಂತೆ ಎರಡನ್ನೂ ಬಳಸುತ್ತಾರೆ.

ಹಳೆಯ ಪಟ್ಟಿಯ ಒಂದೊಂದು ಒಗಟೂ ಈಗ ಬಿಡಿಸಿಕೊಂಡಿತು. ವಜ್ರದಲ್ಲಿ ನಾಲ್ಕೂ ಎಲೆಕ್ಟ್ರಾನುಗಳು ಬಂಧಗಳಲ್ಲಿ ಸಿಕ್ಕಿಕೊಂಡಿವೆ. ಓಡಾಡಲು ಯಾವುದೂ ಬಿಡುವಾಗಿಲ್ಲ, ಆದ್ದರಿಂದ ವಿದ್ಯುತ್ತು ಹರಿಯದು. ಕಣ್ಣಿಗೆ ಕಾಣುವ ಬೆಳಕಿಗೆ ಅವುಗಳನ್ನು ಕದಲಿಸುವಷ್ಟು ಶಕ್ತಿಯಿಲ್ಲ, ಆದ್ದರಿಂದ ಬೆಳಕು ಹೀರಿಕೆಯಾಗದೆ ಹಾದುಹೋಗುತ್ತದೆ. ಎಲ್ಲ ದಿಕ್ಕಿಗೂ ಗಟ್ಟಿ ಬಂಧವಿರುವುದರಿಂದ ಗೀರಲು ಹೊರಟರೆ ಯಾವ ಕಡೆಯಿಂದಲೂ ಸುಲಭದ ದಾರಿಯಿಲ್ಲ. ಗ್ರಾಫೈಟಿನಲ್ಲಿ ಮೂರು ಎಲೆಕ್ಟ್ರಾನುಗಳು ಬಂಧಕ್ಕೆ ಸಂದು ನಾಲ್ಕನೆಯದು ಪದರದ ಉದ್ದಗಲಕ್ಕೂ ತಿರುಗಾಡುತ್ತದೆ. ಅದೇ ವಿದ್ಯುತ್ತನ್ನು ಒಯ್ಯುತ್ತದೆ, ಬೆಳಕನ್ನು ನುಂಗಿ ಕಪ್ಪು ಬಣ್ಣ ಕೊಡುತ್ತದೆ. ಪದರಗಳು ಸಡಿಲವಾಗಿರುವುದರಿಂದ ಜಾರುತ್ತವೆ, ಪೆನ್ಸಿಲ್ ಬರೆಯುತ್ತದೆ.

ಈ ಕೊನೆಯ ಮಾತು ಅಷ್ಟು ಸಲೀಸಲ್ಲ ಎಂದು ಕಲಿಸಿದ್ದು ಎರಡನೆಯ ಮಹಾಯುದ್ಧ. ವಿಮಾನಗಳು ಬಹಳ ಎತ್ತರಕ್ಕೆ ಹಾರಿದಾಗ ಅವುಗಳ ವಿದ್ಯುತ್ ಯಂತ್ರಗಳಲ್ಲಿದ್ದ ಗ್ರಾಫೈಟ್ ಬ್ರಷ್‌ಗಳು ಬೇಗ ಸವೆದು ಪುಡಿಯಾಗುತ್ತಿದ್ದವು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾವೇಜ್ 1948ರಲ್ಲಿ ಕಾರಣ ಹೇಳಿದರು: ಗ್ರಾಫೈಟ್ ಚೆನ್ನಾಗಿ ಜಾರಲು ಗಾಳಿಯಲ್ಲಿರುವ ನೀರಾವಿ ಬೇಕು, ಮೇಲಿನ ಒಣಗಾಳಿಯಲ್ಲಿ ಅದಿಲ್ಲ. ರಚನೆ ಗುಣವನ್ನು ನಿರ್ಧರಿಸುವುದು ನಿಜ, ಆದರೆ ಸುತ್ತಲಿನ ಸಹವಾಸವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬೆಂಗಳೂರಿನ ವಜ್ರಯುದ್ಧ

ಈ ಕಥೆಯ ಅತ್ಯಂತ ಬಿಸಿಯಾದ ಅಧ್ಯಾಯ ನಡೆದದ್ದು ಬೆಂಗಳೂರಿನಲ್ಲಿ. 1933ರಲ್ಲಿ ಸಿ. ವಿ. ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಅವರಿಗೆ ನೊಬೆಲ್ ತಂದ ರಾಮನ್ ಪರಿಣಾಮಕ್ಕೆ ವಜ್ರ ಹೇಳಿ ಮಾಡಿಸಿದ ವಸ್ತು. ಏಕವರ್ಣದ ಬೆಳಕನ್ನು ವಜ್ರದ ಮೇಲೆ ಬಿಟ್ಟರೆ ಚದುರಿದ ಬೆಳಕಿನಲ್ಲಿ ಒಂದೇ ಒಂದು ಚೂಪಾದ ಹೊಸ ಗೆರೆ ಎದ್ದು ಕಾಣುತ್ತದೆ, ಮೂಲ ಬೆಳಕಿನಿಂದ ಸೆಂಟಿಮೀಟರಿಗೆ 1332 ಅಲೆಗಳಷ್ಟು ಸರಿದು. ಹಗುರವಾದ ಇಂಗಾಲದ ಪರಮಾಣುಗಳು ಬಲು ಬಿಗಿಯಾದ ಬಂಧಗಳಲ್ಲಿ ನಡುಗುವ ವೇಗದ ಗುರುತು ಅದು. ಕ್ಷ-ಕಿರಣ ಪರಮಾಣುಗಳ ನೆಲೆ ತೋರಿಸಿದರೆ ಈ ಗೆರೆ ಬಂಧದ ಬಿಗುವನ್ನೇ ಅಳೆದು ಕೊಡುತ್ತಿತ್ತು.

ರಾಮನ್ ನೂರಾರು ವಜ್ರಗಳನ್ನು ಕೂಡಿಹಾಕಿದರು. ಅವುಗಳಲ್ಲಿ ಎರಡು ಜಾತಿಯಿರುವುದನ್ನು 1934ರಲ್ಲೇ ಬ್ರಿಟನ್ನಿನ ರಾಬರ್ಟ್‌ಸನ್, ಫಾಕ್ಸ್, ಮಾರ್ಟಿನ್ ಕಂಡಿದ್ದರು. ಕಣ್ಣಿಗೆ ಎರಡೂ ಒಂದೇ. ಆದರೆ ಒಂದು ಜಾತಿ ನೇರಳಾತೀತ ಬೆಳಕನ್ನು ತಡೆಯುತ್ತದೆ, ಇನ್ನೊಂದು ಬಹುದೂರದವರೆಗೆ ಬಿಟ್ಟುಕೊಡುತ್ತದೆ. ಹಲವು ವಜ್ರಗಳು ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ, ಹಸಿರಾಗಿ ಹೊಳೆಯುತ್ತವೆ, ಕೆಲವು ಹೊಳೆಯುವುದೇ ಇಲ್ಲ. ಇದರ ಕಾರಣ ಹುಡುಕುವ ಕೆಲಸಕ್ಕೆ ಕೈಹಾಕಿದವರಲ್ಲಿ 1940ರಲ್ಲಿ ಬಂದ ಅಣ್ಣಾ ಮಣಿ ಒಬ್ಬರು. ತಿರುವಾಂಕೂರಿನ ಪೀರ್ಮೇಡಿನವರು. ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ಒಂದೊಂದಾಗಿ ದ್ರವಗಾಳಿಯ ಚಳಿಯಲ್ಲಿಟ್ಟು ಅವುಗಳ ಮಂಕು ಹೊಳಪನ್ನು ಫಲಕದ ಮೇಲೆ ಹಿಡಿಯಬೇಕಿತ್ತು. ಒಂದೊಂದು ಚಿತ್ರಕ್ಕೆ ಹದಿನೈದು ಇಪ್ಪತ್ತು ತಾಸು ಬೆಳಕು ಬೀಳಿಸಬೇಕು. ಎಷ್ಟೋ ರಾತ್ರಿಗಳನ್ನು ಅವರು ಪ್ರಯೋಗಾಲಯದಲ್ಲೇ ಕಳೆದರು. 1942ರಿಂದ 1945ರ ನಡುವೆ ತಾವೊಬ್ಬರೇ ಐದು ಪ್ರಬಂಧ ಪ್ರಕಟಿಸಿದರು. ಡಾಕ್ಟರೇಟ್ ಪ್ರಬಂಧ ಸಲ್ಲಿಸಿದಾಗ ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಅವರು ಹವಾಮಾನ ಉಪಕರಣಗಳ ಕಡೆಗೆ ಹೊರಳಿ ಅಲ್ಲಿ ದೊಡ್ಡ ಹೆಸರಾದರು.

ವಜ್ರದ ಎರಡು ಜಾತಿಗಳಿಗೆ ರಾಮನ್ ಕೊಟ್ಟ ವಿವರಣೆ ಅವರ ಸೌಂದರ್ಯದೃಷ್ಟಿಗೆ ತಕ್ಕುದಾಗಿತ್ತು. ವಜ್ರದ ರಚನೆಯೇ ಒಂದಲ್ಲ, ಎಲೆಕ್ಟ್ರಾನುಗಳ ಸಮಮಿತಿಗೆ ತಕ್ಕಂತೆ ನಾಲ್ಕು ಬಗೆಯಿದೆ ಎಂದು ಅವರು 1944ರಲ್ಲಿ ವಾದಿಸಿದರು. ಜೊತೆಗೆ, ಹರಳಿನ ಪರಮಾಣುಗಳು ಬೆರಳೆಣಿಕೆಯ ನಿಶ್ಚಿತ ವೇಗಗಳಲ್ಲಷ್ಟೇ ನಡುಗುತ್ತವೆ ಎಂದೂ ಸಾರಿದರು. ಎರಡನೆಯ ಮಾತು ಮ್ಯಾಕ್ಸ್ ಬಾರ್ನ್ ಅವರ ಸಿದ್ಧಾಂತಕ್ಕೆ ನೇರ ಎದುರು. ಬಾರ್ನ್ ಪ್ರಕಾರ ಆ ವೇಗಗಳು ಹೆಚ್ಚುಕಡಿಮೆ ಎಡೆಬಿಡದ ಸಾಲು. ವಿಪರ್ಯಾಸವೆಂದರೆ ನಾಜಿ ಜರ್ಮನಿಯಿಂದ ಹೊರಬಿದ್ದಿದ್ದ ಬಾರ್ನ್ ಅವರನ್ನು 1935-36ರಲ್ಲಿ ಬೆಂಗಳೂರಿಗೆ ಕರೆಸಿಕೊಂಡು, ಇಲ್ಲೇ ಉಳಿಸಿಕೊಳ್ಳಲು ಹೆಣಗಿದವರೂ ರಾಮನ್ ಅವರೇ.

ಬ್ರಿಟನ್ನಿನಲ್ಲಿ ರಾಮನ್‌ಗೆ ಎದುರಾಗಿ ನಿಂತವರು ಕ್ಯಾಥ್ಲೀನ್ ಲಾನ್ಸ್‌ಡೇಲ್. ಬೆಂಜೀನಿನ ಉಂಗುರ ಗ್ರಾಫೈಟಿನ ಪದರದಂತೆಯೇ ಚಪ್ಪಟೆ ಎಂದು 1929ರಲ್ಲಿ ಕ್ಷ-ಕಿರಣದಿಂದ ತೋರಿಸಿದ್ದವರು. ಯುದ್ಧಕಾಲದಲ್ಲಿ ಶಾಂತಿವಾದಿಯಾಗಿ ನಾಗರಿಕ ರಕ್ಷಣೆಯ ನೋಂದಣಿಗೆ ಒಪ್ಪದೆ 1943ರಲ್ಲಿ ಒಂದು ತಿಂಗಳು ಜೈಲು ಕಂಡು ಬಂದಿದ್ದವರು. 1945ರಲ್ಲಿ ರಾಯಲ್ ಸೊಸೈಟಿ ಮೊದಲ ಬಾರಿಗೆ ಒಳಗೆ ಬಿಟ್ಟುಕೊಂಡ ಇಬ್ಬರು ಮಹಿಳೆಯರಲ್ಲಿ ಒಬ್ಬರು. ವಜ್ರದ ಕ್ಷ-ಕಿರಣ ಚಿತ್ರದಲ್ಲಿ ಕಾಣುವ ಮಸುಕು ಚುಕ್ಕೆಗಳಿಗೆ ರಾಮನ್ ಕೊಟ್ಟ ಅರ್ಥವನ್ನು ಅವರು ಒಪ್ಪಲಿಲ್ಲ. ಪತ್ರಿಕೆಗಳಲ್ಲಿ ಮಾತಿಗೆ ಮಾತು ಬೆಳೆಯಿತು.

ತೀರ್ಪು ನಿಧಾನವಾಗಿ ಬಂತು. ಬೆಂಗಳೂರಿನಲ್ಲಿ ಆರ್. ಎಸ್. ಕೃಷ್ಣನ್ ವಜ್ರದ ಎರಡನೆಯ ಸ್ತರದ ರಾಮನ್ ರೋಹಿತವನ್ನು, ಅಂದರೆ ಆ ಮುಖ್ಯ ಗೆರೆಯಾಚೆಗಿನ ಮಸುಕಾದ ಗೆರೆಗಳ ಸಾಲನ್ನು, ಸೆರೆಹಿಡಿದರು. ಪ್ರಯೋಗದ ಮಟ್ಟಿಗೆ ಅದು ಅಮೋಘ ಕೆಲಸ. ಅದರ ಚೂಪು ಗೆರೆಗಳು ತಮ್ಮ ಪರ ಸಾಕ್ಷಿ ಎಂದರು ರಾಮನ್. 1948ರಲ್ಲಿ ಬಾರ್ನ್ ಅವರ ಶಿಷ್ಯೆ ಹೆಲೆನ್ ಸ್ಮಿತ್ ಬಾರ್ನ್ ಸಿದ್ಧಾಂತದಿಂದಲೇ ಆ ರೋಹಿತವನ್ನು ಲೆಕ್ಕಹಾಕಿ ತೋರಿಸಿದರು. 1960ರ ದಶಕದಲ್ಲಿ ನ್ಯೂಟ್ರಾನ್ ಪ್ರಯೋಗಗಳು ಬಾರ್ನ್ ಪರವಾಗಿ ಮಾತು ಮುಗಿಸಿದವು. ವಜ್ರದ ಜಾತಿಭೇದದ ಗುಟ್ಟನ್ನು 1959ರಲ್ಲಿ ಬೆಲ್ ಪ್ರಯೋಗಾಲಯದ ಕೈಸರ್ ಮತ್ತು ಬಾಂಡ್ ಹೊರಗೆಡವಿದರು. ನೇರಳಾತೀತ ಬೆಳಕನ್ನು ತಡೆಯುವ ಜಾತಿಯಲ್ಲಿ ಸಾರಜನಕ ಬೆರೆತಿರುತ್ತದೆ, ಕೆಲವು ಹರಳುಗಳಲ್ಲಿ ಸಾವಿರ ಇಂಗಾಲಕ್ಕೆ ಒಂದೆರಡರಷ್ಟು. ನಾಲ್ಕು ಕೈ ಚಾಚಿದ ಇಂಗಾಲದ ಜಾಗದಲ್ಲಿ ಒಂದು ಎಲೆಕ್ಟ್ರಾನ್ ಹೆಚ್ಚಿರುವ ಸಾರಜನಕ ಕೂತರೆ ಸುತ್ತಲಿನ ಬಂಧಗಳ ಲೆಕ್ಕವೇ ತಪ್ಪಿ, ಹರಳು ಬೆಳಕನ್ನು ಹೀರುವ ಬಗೆ ಬದಲಾಗುತ್ತದೆ.

ರಾಮನ್ ಯಾಕೆ ಪಟ್ಟು ಬಿಡಲಿಲ್ಲ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಹರಳಿನ ಅಂದಕ್ಕೆ ಮನಸೋತ ಪ್ರಯೋಗಪಟುವೊಬ್ಬರು ಗಣಿತದ ಅಮೂರ್ತತೆಯನ್ನು ಅನುಮಾನಿಸಿದ ಕಥೆಯಾಗಿ ಕೆಲವರು ಇದನ್ನು ನೋಡುತ್ತಾರೆ. ಇತಿಹಾಸಕಾರ್ತಿ ಆಭಾ ಸೂರ್ ಅವರು ಪ್ರಯೋಗಾಲಯದೊಳಗಿನ ಅಧಿಕಾರದ ರೀತಿ, ವಸಾಹತು ಕಾಲದ ಸ್ವಾಭಿಮಾನ, ಶಿಷ್ಯರಿಗೆ ಗುರುವಿನ ಮಾತು ಮೀರಲಾಗದ ಸ್ಥಿತಿ ಇವನ್ನೂ ತೂಗಿ ನೋಡಿದ್ದಾರೆ. ಒಂದಂತೂ ನಿಜ. ಬೆಂಗಳೂರಿನ ಅಳತೆಗಳು ಉಳಿದವು, ವ್ಯಾಖ್ಯಾನ ಬಿದ್ದುಹೋಯಿತು.

ಗುಣವನ್ನು ಕಟ್ಟುವ ಕಾಲ

ರಚನೆ ತಿಳಿದ ಮೇಲೆ ಮುಂದಿನ ಆಸೆ ಸಹಜ. ಗ್ರಾಫೈಟಿನ ಬಂಧಗಳನ್ನು ಬಿಡಿಸಿ ವಜ್ರವಾಗಿ ಮತ್ತೆ ಹೆಣೆಯಬಹುದೆ? ಹ್ಯಾನೆ, ಮ್ವಾಸಾನ್‌ರಂಥ ಹತ್ತೊಂಬತ್ತನೆಯ ಶತಮಾನದವರು ಮಾಡಿದೆವೆಂದು ಹೇಳಿಕೊಂಡದ್ದು ಮುಂದೆ ಸಾಬೀತಾಗಲಿಲ್ಲ. 1953ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಆಸಿಯಾ ಕಂಪನಿ ನಿಜಕ್ಕೂ ವಜ್ರ ಮಾಡಿತು, ಆದರೆ ಗುಟ್ಟಾಗಿಟ್ಟಿತು. 1954ರ ಡಿಸೆಂಬರ್ 16ರಂದು ಅಮೆರಿಕದ ಸ್ಕೆನೆಕ್ಟಡಿಯಲ್ಲಿ ಜನರಲ್ ಎಲೆಕ್ಟ್ರಿಕ್‌ನ ಟ್ರೇಸಿ ಹಾಲ್ ತಾವೇ ರೂಪಿಸಿದ ಒತ್ತುಯಂತ್ರದೊಳಗಿನ ಕೋಶವನ್ನು ಒಡೆದಾಗ ಪುಟ್ಟ ಪುಟ್ಟ ತ್ರಿಕೋನ ಮುಖಗಳು ಬೆಳಕಿಗೆ ಮಿನುಗಿದವು. ಕೈ ನಡುಗಿ, ಕಾಲು ಸೋತು ಕೂತೇಬಿಟ್ಟೆ ಎಂದು ಅವರು ಮುಂದೆ ನೆನೆದಿದ್ದಾರೆ. ಕಂಪನಿ ಇದನ್ನು 1955ರ ಫೆಬ್ರವರಿ 15ರಂದು ಜಗತ್ತಿಗೆ ಸಾರಿತು. ಹಾಲ್ ಹೇಳಿಕೊಂಡಂತೆ ಅವರಿಗೆ ಸಿಕ್ಕ ಇನಾಮು ಹತ್ತು ಡಾಲರಿನ ಒಂದು ಉಳಿತಾಯ ಪತ್ರ.

ಕೆಲಸದ ಗುಟ್ಟು ಒತ್ತಡವೊಂದರಲ್ಲೇ ಇರಲಿಲ್ಲ. ಸಾಧಾರಣ ಸ್ಥಿತಿಯಲ್ಲಿ ಇಂಗಾಲಕ್ಕೆ ನೆಮ್ಮದಿಯ ರೂಪ ಗ್ರಾಫೈಟ್. ಭಾರಿ ಒತ್ತಡದಲ್ಲಿ ಮಾತ್ರ ಇಕ್ಕಟ್ಟಾದ ವಜ್ರದ ಹೆಣಿಗೆಗೆ ಮೇಲುಗೈ. ಆಗಲೂ ಹಳೆಯ ಬಂಧಗಳು ತಾವಾಗಿ ಕಡಿಯುವುದಿಲ್ಲ. ಕರಗಿದ ಲೋಹದಲ್ಲಿ ಇಂಗಾಲ ಕದಡಿ, ಪರಮಾಣು ಪರಮಾಣುವಾಗಿ ಬಿಡಿಸಿಕೊಂಡು, ಮತ್ತೆ ವಜ್ರವಾಗಿ ಹರಳುಗಟ್ಟಬೇಕು. ಈ ಕಥೆಗೊಂದು ಬಾಲವೂ ಇದೆ. ಹಾಲ್‌ಗಿಂತ ಎಂಟು ದಿನ ಮೊದಲೇ, ಡಿಸೆಂಬರ್ 8ರಂದು, ಅದೇ ತಂಡದ ಸ್ಟ್ರಾಂಗ್ ವಜ್ರ ಮಾಡಿದರೆಂದು ಕಂಪನಿ ನಂಬಿತ್ತು. ದಶಕಗಳ ಮೇಲೆ ಆ ಹರಳನ್ನು ಅವಕೆಂಪು ಬೆಳಕಿನಲ್ಲಿ ಪರೀಕ್ಷಿಸಿದಾಗ ಗಣಿಯ ವಜ್ರದಲ್ಲಿರುವಂಥ ಸಾರಜನಕದ ಗುರುತು ಕಂಡಿತು. ಬೀಜವೆಂದು ಹಾಕಿದ್ದ ನೈಸರ್ಗಿಕ ವಜ್ರದ ಚೂರೇ ಹೊರಗೆ ಬಂದಿತ್ತು. 1993ರಲ್ಲಿ ಆ ವಿಜ್ಞಾನಿಗಳೇ ‘ನೇಚರ್’ನಲ್ಲಿ ಇದನ್ನು ಒಪ್ಪಿಕೊಂಡರು.

ಅಲ್ಲಿಂದ ಮುಂದೆ ಇಂಗಾಲದ ಹೊಸ ಹೆಣಿಗೆಗಳು ಒಂದರ ಹಿಂದೊಂದು ಬಂದವು. 1985ರಲ್ಲಿ ಕ್ರೋಟೊ, ಕರ್ಲ್, ಸ್ಮಾಲಿ ಅರವತ್ತು ಇಂಗಾಲದ ಪೊಳ್ಳು ಗೋಳವನ್ನು ಕಂಡರು. ವಜ್ರವನ್ನಾಗಲಿ ಗ್ರಾಫೈಟನ್ನಾಗಲಿ ಕರಗಿಸದ ಬೆಂಜೀನಿನಲ್ಲಿ ಅದು ಕೆಂಪು ಬಣ್ಣವಾಗಿ ಕರಗುತ್ತದೆ, ಯಾಕೆಂದರೆ ಅದು ಬಿಡಿ ಬಿಡಿ ಅಣು. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೈಮ್ ಮತ್ತು ನೊವೊಸೆಲೊವ್ ಅಂಟುಟೇಪಿನಿಂದ ಗ್ರಾಫೈಟಿನ ಒಂಟಿ ಪದರವನ್ನು ಎಬ್ಬಿಸಿದರು. ಎರಡಕ್ಕೂ ನೊಬೆಲ್ ಬಂತು.

ಬಿಸಿ ಅನಿಲದಿಂದ ಇಂಗಾಲವನ್ನು ಪದರ ಪದರವಾಗಿ ಇಳಿಸಿ ವಜ್ರ ಬೆಳೆಸುವ ವಿದ್ಯೆಯೂ ಈಗ ಪಳಗಿದೆ. ಒಂದು ಕಾಲಕ್ಕೆ ವಜ್ರ ಅಗೆದು ಕಳಿಸುತ್ತಿದ್ದ ಭಾರತ ಈಗ ಸೂರತ್ತಿನ ಕಾರ್ಖಾನೆಗಳಲ್ಲಿ ಬೆಳೆದು ಕಳಿಸುತ್ತಿದೆ. ಇವು ನಕಲಿ ಅಲ್ಲ. ಅದೇ ಇಂಗಾಲ, ಅದೇ ನಾಲ್ಕು ಬಂಧ, ಅದೇ 1332ರ ಗೆರೆ. ಗಾಜನ್ನೋ ಬೇರೆ ಹರಳನ್ನೋ ವಜ್ರವೆಂದು ಮಾರಿದರೆ ರಾಮನ್ ಉಪಕರಣ ಕ್ಷಣದಲ್ಲಿ ಹಿಡಿಯುತ್ತದೆ. ಗಣಿಯದೋ ಕಾರ್ಖಾನೆಯದೋ ಎಂದು ಕೇಳಿದರೆ ಆ ಗೆರೆ ಬಾಯಿ ಬಿಡುವುದಿಲ್ಲ. ಅಲ್ಲಿ ನೆರವಿಗೆ ಬರುವುದು ಸಾರಜನಕದ ಅಂಶ, ನೇರಳಾತೀತ ಬೆಳಕಿನ ಹೀರಿಕೆ ಮತ್ತು ಹೊಳಪಿನ ಬಣ್ಣ. ಭೂಗರ್ಭದಲ್ಲಿ ಕೋಟ್ಯಂತರ ವರ್ಷ ಬೆಂದ ವಜ್ರದಲ್ಲಿ ಸಾರಜನಕದ ಪರಮಾಣುಗಳು ಒಂದೆಡೆ ಗುಂಪುಗೂಡಿರುತ್ತವೆ, ಕೆಲವೇ ವಾರಗಳಲ್ಲಿ ಬೆಳೆದ ವಜ್ರದಲ್ಲಿ ಹಾಗೆ ಗುಂಪುಗೂಡಲು ಸಮಯವಿರುವುದಿಲ್ಲ. 1940ರ ದಶಕದಲ್ಲಿ ಬೆಂಗಳೂರಿನಲ್ಲಿ ತಪ್ಪು ಅರ್ಥ ಹಚ್ಚಿಸಿಕೊಂಡ ಅದೇ ಜಾತಿಭೇದವೇ ಇಂದು ರತ್ನಪರೀಕ್ಷಾ ಕೇಂದ್ರಗಳ ಮೊದಲ ಜರಡಿ. ವಜ್ರ ಕೊಳ್ಳುವವರು ಅದರ ಪ್ರಮಾಣಪತ್ರದಲ್ಲಿ ಈ ಪರೀಕ್ಷೆಯ ಉಲ್ಲೇಖವಿದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು; ಎರಡೂ ಅಪ್ಪಟ ವಜ್ರವೇ ಆದರೂ ಎರಡರ ಬೆಲೆ ಒಂದೇ ಅಲ್ಲ.